ಟಗರಿನ ಹೆಸರಿನಲ್ಲಿ ನನ್ನ ಸ್ಕ್ಯಾನಿಂಗು

ಅಂದು ಹುಲಿಕುಂಟೆಯ ನಮ್ಮ ಕುರಿರೊಪ್ಪದಲ್ಲಿ ಇದ್ದವರು ಲಸಿಕೆ ಹಾಕಲು ಬಂದ ಪಶುವೈದ್ಯರು, ಕಾಫಿ ಲೋಟ ಹಿಡಿದ ನನ್ನ ಹೆಂಡತಿ ಗಂಗಮ್ಮ, ನಾನು, ಮತ್ತು ನಮ್ಮ ಟಗರು. ಇಷ್ಟು ಜನರಲ್ಲಿ ಕಾಯಿಲೆಯಿದ್ದದ್ದು ನನಗೊಬ್ಬನಿಗೇ. ಅದು ಯಾರಿಗೂ ಗೊತ್ತಿರಲಿಲ್ಲ!

ಸಂತೆಯಲ್ಲಿ ಟಗರು ಕೊಳ್ಳುವವರು ಮೊದಲು ನನ್ನನ್ನು ಕರೆಯುತ್ತಾರೆ. ಹಿಂದಿನಿಂದ ಕೈ ಹಾಕಿ, ಬೀಜ ಮುಟ್ಟಿ, ತಳಿಗೆ ಆಗುತ್ತದೋ ಇಲ್ಲವೋ ಎಂದು ತೀರ್ಪು ಕೊಡುವುದರಲ್ಲಿ ಶಿರಾ ಸೀಮೆಗೇ ನಾನು ಹೆಸರುವಾಸಿ. ಅಂಥ ನನ್ನ ಕೈಗೆ, ಒಂದು ದಿನ ಸ್ನಾನ ಮಾಡುವಾಗ, ನನ್ನದರಲ್ಲೇ ಹುಣಸೆಬೀಜದಷ್ಟು ಗಂಟು ಸಿಕ್ಕಿತು! ಕ್ಯಾನ್ಸರೇ ಎಂದು ತೀರ್ಮಾನಿಸಿದೆ. ಆದರೆ ಹೇಳುವುದು ಯಾರಿಗೆ?

ಪಶುವೈದ್ಯರನ್ನು ಕಂಡದ್ದೇ ಉಪಾಯ ಹೊಳೆಯಿತು.

"ಸಾರ್, ನಮ್ ಟಗರಿಗೆ ಬೀಜದ ಪಕ್ಕ ಒಂದು ಗಂಟಾಗದೆ."

"ವಯಸ್ಸೆಷ್ಟು?"

"ಐವತ್ತೆರಡು."

ಅವರ ಸಿರಿಂಜು ಗಾಳಿಯಲ್ಲೇ ನಿಂತಿತು.

"ತಿಂಗಳು!" ಎಂದೆ.

ಅವರು ಟಗರನ್ನು ಹಿಡಿದು ಮುಟ್ಟಿ ನೋಡಿದರು. "ಏನೂ ಇಲ್ವಲ್ಲ ಈರಣ್ಣ. ಇದ್ರೂ ಯೋಚ್ನೆ ಯಾಕೆ? ಬೀಜ ಒಡೆಸಿ, ಚೆನ್ನಾಗಿ ಮೇಯಿಸಿ, ಸಂತೆಗೆ ಹೊಡೀರಿ."

ನಾನು ಗೋಡೆ ಹಿಡಿದು ಕುಳಿತುಬಿಟ್ಟೆ. ಗಂಗಮ್ಮ ಟಗರಿನ ಮುಖ ನೋಡಿದಳು. ಅದು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಆಮೇಲೆ ನನ್ನ ಮುಖ ನೋಡಿದಳು.

"ಐವತ್ತೆರಡು ನಿಂಗಲ್ವೇನಯ್ಯಾ?"

ಮಾರನೆಯ ದಿನವೇ ಶಿರಾದಲ್ಲಿ ಮನುಷ್ಯರ ಡಾಕ್ಟರು ನನ್ನನ್ನು ಪರೀಕ್ಷಿಸಿ ಸ್ಕ್ಯಾನಿಂಗ್ ಬರೆದುಕೊಟ್ಟರು. ಸ್ಕ್ಯಾನಿಂಗ್ ಎಂದರೆ ಹೊಟ್ಟೆ ತುಂಬ ನೀರು ಕುಡಿಯಬೇಕೆಂದು ಲೋಕಕ್ಕೇ ಗೊತ್ತು. ಎರಡು ಬಾಟಲಿ ಮುಗಿಸಿ, ಟವೆಲ್ ಹೊದ್ದು ಮಲಗಿದೆ. ಸ್ಕ್ಯಾನಿಂಗ್ ಡಾಕ್ಟರು ಆಯಕಟ್ಟಿನ ಜಾಗಕ್ಕೇ ಜೆಲ್ ಸುರಿದರು. ಐಸು! ಕಿರುಚಿಕೊಂಡೆ.

"ಅಯ್ಯಯ್ಯೋ, ಕುಯ್ದೇಬುಟ್ರಾ?" ಹೊರಗಿದ್ದ ಗಂಗಮ್ಮ ಬಾಗಿಲು ಬಡಿದಳು.

"ಇನ್ನೂ ಶುರುವೇ ಮಾಡಿಲ್ಲ ಕಣಮ್ಮ!" ಎಂದ ಡಾಕ್ಟರು ನನ್ನ ಕಡೆ ತಿರುಗಿ, "ಉಸಿರು ಬಿಗಿಹಿಡಿದು ಮುಕ್ಕಿ" ಎಂದರು.

"ಮುಕ್ಕಿದ್ರೆ ನಿಮ್ ಮಿಷನ್ನು ಉಳಿಯಲ್ಲ ಸಾರ್. ಎಲ್ಡು ಬಾಟ್ಲು ನೀರು ಕುಡ್ಕಂಡ್ ಬಂದೀನಿ."

"ಇದಕ್ಕೆ ನೀರು ಕುಡೀರಿ ಅಂತ ಯಾರ್ರೀ ಹೇಳಿದ್ದು?"

ಯಾರೂ ಹೇಳಿರಲಿಲ್ಲ!

ಶೌಚಾಲಯಕ್ಕೆ ಓಡಿ, ಬಂದು ಮತ್ತೆ ಮಲಗಿದೆ. ಪರದೆಯ ಮೇಲೆ ಬೂದು ಮೋಡದ ನಡುವೆ ಒಂದು ಕಪ್ಪು ಚುಕ್ಕೆ. ಅದೇ ನನ್ನ ಗಂಟು ಎಂದುಕೊಂಡೆ.

"ಬೀಜ ಎರಡೂ ಚೆನ್ನಾಗಿವೆ. ಇದು ಪಕ್ಕದಲ್ಲಿರೋ ನೀರುಗುಳ್ಳೆ. ಇದರಿಂದ ಏನೂ ತೊಂದರೆ ಇಲ್ಲ" ಎಂದರು ಡಾಕ್ಟರು.

ಸಂತೆಯ ತೀರ್ಪುಗಾರ ಟವೆಲ್‌ನಲ್ಲೇ ಕಣ್ಣೊರೆಸಿಕೊಂಡ. ಅದರ ತುಂಬ ಜೆಲ್ಲು!

ನನಗೇನೂ ಆಗದಿರಲೆಂದು ಗಂಗಮ್ಮ ಹೊತ್ತಿದ್ದ ಹರಕೆ ತೀರಿಸಲು ಶುಕ್ರವಾರ ಗೊರವನಹಳ್ಳಿಯ ದೇವಸ್ಥಾನಕ್ಕೆ ಹೊರಟೆವು. ಬಸ್ಸಿನಲ್ಲಿ ಯಾರೋ "ಏನ್ ಹರಕೆ ಕಣಮ್ಮ?" ಎಂದದ್ದೇ ತಡ, ಗಂಗಮ್ಮ ಇಡೀ ಬಸ್ಸಿಗೆ ಕೇಳುವಂತೆ ಎಲ್ಲದರ ವರದಿ ಒಪ್ಪಿಸಿದಳು. ಹಿಂದಿನ ಸೀಟಿನ ಯಜಮಾನರೊಬ್ಬರು ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು:

"ಅಣ್ಣ, ಆ ಸ್ಕ್ಯಾನಿಂಗು ನೋಯ್ತದಾ?"

"ಏನೂ ಇಲ್ಲ ಬುಡಿ" ಎಂದು ಮೀಸೆ ತೀಡಿದೆ.

"ಕಿರುಚ್ಕಂಡಿದ್ದೂ ಹೇಳಯ್ಯಾ!" ಎಂದಳು ಗಂಗಮ್ಮ.

ಬಸ್ಸೆಲ್ಲ ನಕ್ಕಿತು. ಆ ಯಜಮಾನರೂ ನಕ್ಕರು. ಮಧುಗಿರಿಯಲ್ಲಿ ಬಸ್ಸು ನಿಂತಾಗ ಇಳಿದು, ಆಸ್ಪತ್ರೆಯ ಕಡೆ ನಡೆದುಹೋದರು.