ಮುರಳೀಧರನ ಜೋಡುನಳಿಗೆ ಬಂದೂಕು

ಚೆನ್ನೈ ಪೋರೂರಿನ ಆ ಸಾಫ್ಟ್‌ವೇರ್ ಕಂಪನಿಯಲ್ಲಿ ಹೊಸದಾಗಿ ಏನು ಬಂದರೂ ಅದಕ್ಕೆ ಮೊದಲು ಕುಂಕುಮ ಹಚ್ಚುವವನು ಮುರಳೀಧರ. ಪ್ರಿಂಟರಿಗೆ ಹಚ್ಚಿದ್ದ, ಜನರೇಟರಿಗೆ ಹಚ್ಚಿದ್ದ, ಒಮ್ಮೆ ಕಾಫಿ ಮೆಷಿನ್ನಿಗೂ ಹಚ್ಚಿದ್ದ. ತಿರುವಲ್ಲಿಕ್ಕೇಣಿಯ ಮಾಧ್ವರವನು, ತಾತ ಪುರೋಹಿತರಾಗಿದ್ದರು ಎಂದು ಯಾರೋ ಒಮ್ಮೆ ಬಾಯಿಬಿಟ್ಟದ್ದೇ ಸಾಕಾಯಿತು. ಹನ್ನೊಂದು ವರ್ಷ ಅವನು ಬರೆದ ಪ್ರೋಗ್ರಾಮುಗಳು ಯಾರಿಗೂ ನೆನಪಿರಲಿಲ್ಲ. ‘ಪೂಜೆ ಮುರಳಿ’ ಎಂದರೆ ಲಿಫ್ಟಿನವನಿಗೂ ಗೊತ್ತಿತ್ತು.

ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಈ ಹೆಸರನ್ನು ತೊಳೆದುಕೊಳ್ಳಲು ಅವನಿಗೊಂದು ದಾರಿ ಕಂಡಿತು. ಅವನ ತಂಡ ದುಡಿಯುತ್ತಿದ್ದದ್ದು ಟೆಕ್ಸಾಸಿನ ಹಾರ್ಲನ್ ಎಂಬ ದೊಡ್ಡ ಮನುಷ್ಯನಿಗಾಗಿ. ಹಾರ್ಲನ್‌ಗೆ ಶನಿವಾರ ಬಂದರೆ ಒಂದು ಹುಚ್ಚು. ನೂರಿಪ್ಪತ್ತು ವರ್ಷದ ಹಿಂದಿನ ಕೌಬಾಯ್‌ಗಳ ವೇಷ ಹಾಕಿಕೊಂಡು, ಆ ಕಾಲದ ಬಂದೂಕಿನಿಂದ ತಗಡಿನ ಗುರಿಗಳಿಗೆ ಗುಂಡು ಹೊಡೆಯುವ ಕ್ಲಬ್ಬು ಅವನದು. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರು, ಒಂದು ಪಾತ್ರ. ಬ್ಯಾಂಕ್ ಮ್ಯಾನೇಜರು ದರೋಡೆಕೋರ, ಹಲ್ಲಿನ ಡಾಕ್ಟರು ಕುದುರೆಕಳ್ಳ. ವಾರವೆಲ್ಲ ಮರ್ಯಾದೆಯಿಂದ ಬದುಕಿದ ಗಂಡಸರಿಗೆ ವಾರಕ್ಕೊಮ್ಮೆ ಇಂಥದ್ದೇನೋ ಬೇಕಾಗುತ್ತದೆ.

ಹಾರ್ಲನ್ ಚೆನ್ನೈ ತಂಡಕ್ಕೂ ಒಂದು ಮೇಲ್ ಕಳಿಸಿದ. ನೀವೂ ನನ್ನ ಕ್ಲಬ್ಬಿನ ಗೌರವ ಸದಸ್ಯರಾಗಿ. ಒಂದು ಪಾತ್ರ ಆರಿಸಿಕೊಳ್ಳಿ, ವೇಷ ಹಾಕಿ, ಬಂದೂಕಿನ ಜೊತೆ ಫೋಟೋ ಕಳಿಸಿ. ಪಾತ್ರ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ. ಟೀಮ್ ಲೀಡರ್ ಯಾರೆಂದು ಆಮೇಲೆ ಹೇಳುತ್ತೇನೆ. ಕಡೆಯ ದಿನ ಶುಕ್ರವಾರ. ನಮ್ಮ ಲೆಕ್ಕಕ್ಕೆ ಅದು ಆಯುಧಪೂಜೆ, ಆಫೀಸಿಗೆ ರಜಾ.

ಇಂಥ ತರ್ಕವನ್ನು ನಮ್ಮೂರಿನವನು ಹೇಳಿದ್ದರೆ ಮನೆಯವರು ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಹೇಳಿದವನು ಟೆಕ್ಸಾಸಿನವನಾದ್ದರಿಂದ ಅದು ಮ್ಯಾನೇಜ್‌ಮೆಂಟ್ ಅನ್ನಿಸಿಕೊಂಡಿತು. ಲೀಡರ್ ಆಗಬಲ್ಲವರು ಇಬ್ಬರೇ: ಮುರಳೀಧರ, ಮತ್ತು ಪಕ್ಕದ ಟೇಬಲಿನ ಉಪೇಂದ್ರ. ಮುರಳೀಧರ ತಿರುವಲ್ಲಿಕ್ಕೇಣಿಯ ಇಂಗ್ಲಿಷ್ ಹೆಸರು ಹಿಡಿದು ತನಗೆ ‘ಟ್ರಿಪ್ಲಿಕೇನ್ ಟೆರರ್’ ಎಂದು ಹೆಸರಿಟ್ಟುಕೊಂಡ. ದೀಪಾವಳಿಯ ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಸ್ನಾನದ ಮನೆಯಲ್ಲಿ ಕೂರುವವನು ಇಟ್ಟುಕೊಂಡ ಹೆಸರು ಅದು.

ಶುಕ್ರವಾರ ಬೆಳಿಗ್ಗೆ ಹೊರಡುವಾಗ ಹೆಂಡತಿ ಶ್ರೀವಿದ್ಯಾ ಕೇಳಿದಳು. “ಎಲ್ಲಿಗೆ?”

“ಬಂದೂಕು ತರಕ್ಕೆ.”

“ಹಾಗೇ ಕೋಯಂಬೇಡು ಮಾರ್ಕೆಟ್ಟಿಂದ ಬಾಳೆಕಂದು, ಬೂದುಗುಂಬಳಕಾಯಿ ತಂದ್ಬಿಡಿ. ಅಮ್ಮ ಹೇಳಿದ್ದಾರೆ.”

ಟೆರರ್ ಚೀಲ ತೆಗೆದುಕೊಂಡ.

ಸಿನಿಮಾದವರಿಗೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದು ವಡಪಳನಿಯ ಗಲ್ಲಿಯಲ್ಲಿತ್ತು. ಸಿಂಹಾಸನ, ಆಸ್ಪತ್ರೆಯ ಮಂಚ, ದೇವರ ಕೈಯ ಚಕ್ರ ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಮಾಲೀಕ ಚಂದ್ರಶೇಖರ ಮಂಡ್ಯದ ಕಡೆಯವನು, ಮೂವತ್ತು ವರ್ಷದ ಹಿಂದೆ ಬಂದು ಇಲ್ಲೇ ಬೇರೂರಿದವನು. ಗಿರಾಕಿ ಕನ್ನಡದವನೆಂದು ತಿಳಿದು ಅವನಿಗೆ ಹುರುಪು ಬಂತು.

“ಯಾವ ಕ್ಯಾರೆಕ್ಟರ್‌ಗೆ ಸಾರ್ ಬಂದೂಕು? ಹೀರೋನಾ, ವಿಲನ್ನಾ, ಹುಡುಗಿ ಅಪ್ಪನಾ?”

“ಕೌಬಾಯ್.”

ಚಂದ್ರಶೇಖರ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. “ಯಾರು, ನೀವಾ?”

“ಯಾಕೆ?”

“ಒಂದೂ ಇಲ್ಲ ಸಾರ್. ಹುಡುಗಿ ಅಪ್ಪಂದು ಸೂಟ್ ಆಯ್ತದೆ ಅನ್ಕಂಡೆ.”

ಮುರಳೀಧರ ಜೇಬಿನಿಂದ ಕ್ಲಬ್ಬಿನ ನಿಯಮಗಳ ಪ್ರಿಂಟ್‌ಔಟ್ ತೆಗೆದ. ಜೋಡುನಳಿಗೆ ಇರಬೇಕು, ಗುಂಡಿಗೆ ಬಡಿಯುವ ಕುದುರೆ ಹೊರಗಡೆ ಕಾಣಬೇಕು, ಹಳೆಯ ಕಾಲದ್ದಾಗಿರಬೇಕು. ಚಂದ್ರಶೇಖರ ಒಳಗಿನಿಂದ ಕಂದು ಬಣ್ಣದ ಒಂದು ಬಂದೂಕು ತಂದ. ಮರ ಸವೆದಿತ್ತು, ಕಬ್ಬಿಣ ಕಪ್ಪಾಗಿತ್ತು. ಯಾವುದೋ ಜಮೀನ್ದಾರರ ಮನೆಯ ಅಸಲಿ ಬಂದೂಕನ್ನು ಎದುರಿಗಿಟ್ಟುಕೊಂಡು ಹಾಗೇ ಮಾಡಿಸಿದ್ದಂತೆ. ಕಾಗದದಲ್ಲಿದ್ದ ಚಿತ್ರಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ಇದು ಬ್ಯಾಂಕ್ ವಾಚ್‌ಮನ್ ಇಟ್ಕೊಳ್ಳೋ ಥರ ಇದೆ,” ಎಂದ ಮುರಳೀಧರ.

“ಅದೇ ಸಾರ್ ಅಸಲಿ ಲುಕ್ಕು.”

“ಇನ್ನೂ ಸ್ವಲ್ಪ ಎದ್ದು ಕಾಣೋದು ಇಲ್ವಾ?”

ಎರಡನೆಯದಕ್ಕೆ ಹುಲಿಚರ್ಮದಂಥ ಬಟ್ಟೆ ಸುತ್ತಿತ್ತು. ಮೂರನೆಯದು ಕುದುರೆ ಎಳೆದರೆ ಕೊಡೆಯಂತೆ ಬಿಚ್ಚಿಕೊಳ್ಳುತ್ತಿತ್ತು; ಹಾಸ್ಯನಟರಿಗೆ ಮಾಡಿಸಿದ್ದು. ಮುರಳೀಧರ ಅದನ್ನೂ ಎರಡು ಸಲ ಹೆಗಲಿಗೇರಿಸಿ ನೋಡಿದ. ಕಡೆಗೆ ಚಂದ್ರಶೇಖರ ಬೇಡದ ಮನಸ್ಸಿನಿಂದ ಒಂದು ಉದ್ದನೆಯ ಪೆಟ್ಟಿಗೆ ತೆರೆದ. ಒಳಗಿದ್ದ ಬಂದೂಕಿನ ಮೈತುಂಬ ಬೆಳ್ಳಿ ಬಣ್ಣ. ಹಿಡಿಯ ಎರಡೂ ಕಡೆ ನವಿಲು, ನವಿಲಿನ ಕಣ್ಣಿಗೆ ಕೆಂಪು ಕಲ್ಲು, ತುದಿಯಲ್ಲಿ ಜರಿಯ ಕುಚ್ಚು. ಕುದುರೆ ಎಳೆದರೆ ಎರಡೂ ನಳಿಗೆಯ ಬಾಯಲ್ಲಿ ಪುಟ್ಟ ಬಲ್ಬು ಹತ್ತುತ್ತಿತ್ತು. ಮದುವೆಮನೆಯ ನಾದಸ್ವರದ ಪಕ್ಕದಲ್ಲಿ ಇಟ್ಟಿದ್ದರೂ ಯಾರೂ ಏನೂ ಕೇಳುತ್ತಿರಲಿಲ್ಲ.

“ಇದು,” ಎಂದ ಮುರಳೀಧರ. ಮದುವೆಯ ಹೆಣ್ಣು ನೋಡಲು ಹೋದಾಗ ಕೂಡ ಅವನ ದನಿ ಅಷ್ಟು ಖಚಿತವಾಗಿರಲಿಲ್ಲ.

“ಕ್ಲಬ್ ಡ್ಯಾನ್ಸ್‌ಗೆ ಮಾಡಿಸಿದ್ದು ಸಾರ್. ಡ್ಯಾನ್ಸರ್ ಅಮ್ಮ ಹಿಡ್ಕಂಡು ಆಡೋರು. ನಿಮ್ಮ ಪೇಪರ್‌ನಲ್ಲಿ ಈ ಥರ ಇಲ್ವಲ್ಲ.”

“ಅಮೆರಿಕದವರಿಗೆ ಇಂಡಿಯನ್ ಟಚ್ ಇಷ್ಟ.”

ಹೇಳುವವನಿಗೆ ಕಣ್ಣಿದ್ದರೆ ಸಾಲದು, ಕೇಳುವವನಿಗೂ ಇರಬೇಕು ಎಂಬ ಮುಖ ಮಾಡಿಕೊಂಡು ಚಂದ್ರಶೇಖರ ಬಂದೂಕು ಒರೆಸಿಕೊಟ್ಟ. “ಇವತ್ತು ಕೋಡಂಬಾಕ್ಕಂ ಪೂರ್ತಿ ಶೂಟಿಂಗ್ ಇಲ್ಲ, ಅದಕ್ಕೇ ಸಿಕ್ತು. ಬೇಕಾದ್ರೆ ಇಲ್ಲೇ ಫೋಟೋ ಹೊಡ್ಕೊಳ್ಳಿ ಸಾರ್, ಕುದುರೆ ಗೊಂಬೆನೂ ಐತೆ.”

ಆ ಮಾತು ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹ್ಯಾಟು, ಬೂಟು, ಚರ್ಮದ ಜಾಕೀಟು ಎಲ್ಲ ಮನೆಯಲ್ಲಿದ್ದವು. ಫೋಟೋ ತೆಗೆಯುತ್ತೇನೆಂದು ಪಕ್ಕದ ಮನೆಯ ತೃಪ್ತಿ ಬೇರೆ ಹೊಸ ಡಿಜಿಟಲ್ ಕ್ಯಾಮರಾ ಹಿಡಿದು ಕಾದಿದ್ದಳು. ಮುರಳೀಧರ ಪೆಟ್ಟಿಗೆ ಬೇಡವೆಂದು ಬಂದೂಕನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಕೋಯಂಬೇಡಿಗೆ ನಡೆದ.

ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನ ಬಸ್ಸು, ಲಾರಿ, ಲೇತು, ಹೊಲಿಗೆ ಮೆಷಿನ್ನು ಎಲ್ಲಕ್ಕೂ ಅಂದು ಹಾರ ಬೇಕು, ಒಡೆಯಲು ಕುಂಬಳಕಾಯಿ ಬೇಕು. ನೂಕುನುಗ್ಗಲಿನಲ್ಲಿ ಪೇಪರು ಹರಿದು ಬೆಳ್ಳಿಯ ನಳಿಗೆ ಹೊರಗೆ ಇಣುಕಿತು. ಹೂವಿನವಳೊಬ್ಬಳು ಅದನ್ನೇ ನೋಡುತ್ತಿದ್ದಳು. ಮುರಳೀಧರ ನಾಲ್ಕು ಬಾಳೆಕಂದು ಕೊಂಡವನೇ ಬಂದೂಕನ್ನು ಅವುಗಳ ನಡುವೆ ಸೇರಿಸಿ, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿಸಿದ. ಇದಕ್ಕಿಂತ ಬುದ್ಧಿವಂತಿಕೆಯ ಕೆಲಸವನ್ನು ಆ ದಿನ ಬೇರಾರೂ ಮಾಡಿರಲಾರರು ಎಂದುಕೊಂಡು ಆಟೋ ಹತ್ತಿದ.

ಮನೆಗೆ ಬಂದಾಗ ಮೂರು ಗಂಟೆ. ತಾಯಿ ಜಯಲಕ್ಷ್ಮೀ ಮಡಿಯುಟ್ಟು ಕಾದಿದ್ದರು. ಅವನು ಬಾಳೆಕಂದಿನ ಕಟ್ಟನ್ನು ಬಾಗಿಲ ಹತ್ತಿರ ಇಳಿಸಿ, “ಐದು ನಿಮಿಷ, ಬಂದು ಬಿಚ್ತೀನಿ,” ಎಂದು ಹೇಳಿ ವೇಷ ಹಾಕಲು ಕೋಣೆ ಸೇರಿದ. ಬೂಟು ಅಭಿಲಾಷ್ ಎಂಬ ಸ್ನೇಹಿತನದು, ಒಂದು ಸೈಜು ಚಿಕ್ಕದು. ಅದನ್ನು ಕಾಲಿಗೆ ಏರಿಸುವಷ್ಟರಲ್ಲಿ ಐದು ನಿಮಿಷ ನಲವತ್ತಾಯಿತು.

ಹ್ಯಾಟು ಹಾಕಿಕೊಂಡು, ಕುಂಟುತ್ತ, ಟ್ರಿಪ್ಲಿಕೇನ್ ಟೆರರ್ ನಡುಮನೆಗೆ ಬಂದ.

ಬಂದೂಕು ಮಣೆಯ ಮೇಲಿತ್ತು. ಅಡಕೊತ್ತು, ಈಳಿಗೆಮಣೆ, ಶ್ರೀವಿದ್ಯಾಳ ಕತ್ತರಿ, ಸ್ಕೂಟರಿನ ಸ್ಪ್ಯಾನರು ಎಲ್ಲ ಒಕ್ಕಲು ಮಕ್ಕಳಂತೆ ಕೆಳಗೆ ಕೂತಿದ್ದರೆ, ಅದು ಮಾತ್ರ ನಡುವೆ ರೇಷ್ಮೆಯ ಮೇಲೆ ಮಲಗಿತ್ತು. ಮೈಗೆಲ್ಲ ಗಂಧ, ನವಿಲಿನ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಎರಡು ನಳಿಗೆಯ ಬಾಯಿಗೂ ಒಂದೊಂದು ನಿಂಬೆಹಣ್ಣು. ಮಂಗಳಾರತಿ ಮುಗಿದು ಕರ್ಪೂರದ ಹೊಗೆ ಇನ್ನೂ ಆಡುತ್ತಿತ್ತು.

“ಅಮ್ಮಾ, ಏನಮ್ಮಾ ಇದು?”

“ನೀನೇ ತಂದ್ಯಲ್ಲೋ, ಬಾಳೆಕಂದಿನ ಜೊತೆ. ಎಷ್ಟು ವರ್ಷ ಅಂತ ಅಡಕೊತ್ತಿಗೇ ಪೂಜೆ ಮಾಡೋದು? ಆಯುಧ ಅಂತ ಈಗೊಂದು ಬಂತು ಮನೆಗೆ.” ಜಯಲಕ್ಷ್ಮಿಯ ದನಿಯಲ್ಲಿ ಅಪರೂಪದ ಮೆಚ್ಚುಗೆಯಿತ್ತು.

“ಅದು ಆಟದ್ದಮ್ಮ. ಸಿನಿಮಾದ್ದು.”

ತೃಪ್ತಿಯ ಅಜ್ಜಿ ಗೋದಾಬಾಯಿ ಪ್ರಸಾದಕ್ಕೆಂದು ಬಂದು ಕೂತಿದ್ದರು. “ಇರ್ಲಿ ಬಿಡೋ. ನಮ್ಮ ಮನೇಲಿ ಕಂಪ್ಯೂಟರಿನ ಇಲಿಗೂ ಇಡ್ತೀವಿ ಕುಂಕುಮ. ಪೂಜೆ ಆದ ಮೇಲೆ ಆಯುಧಾನೇ.”

“ಸರಿ, ಈಗ ಕೊಡಿ, ಫೋಟೋ ತೆಗೆಸ್ಕೊಂಡು ಇಡ್ತೀನಿ,” ಎಂದು ಮುರಳೀಧರ ಕೈ ಚಾಚಿದ.

ಮೂವರು ಹೆಂಗಸರೂ ಒಟ್ಟಿಗೆ ಉಸಿರೆಳೆದರು.

“ಮುಟ್ಟಬೇಡ,” ಎಂದರು ಜಯಲಕ್ಷ್ಮೀ. “ನಾಳೆ ಪುನಃಪೂಜೆ ಆಗೋವರೆಗೂ ಎತ್ತಂಗಿಲ್ಲ.”

“ನಮ್ಮ ಓರಗಿತ್ತಿ ಹೀಗೇ ಪೂಜೆಗಿಟ್ಟ ಕತ್ತರಿ ಎತ್ತಿದ್ಳು,” ಎಂದರು ಗೋದಾಬಾಯಿ. “ಆ ವರ್ಷವೇ ಅವಳ ಗಂಡನಿಗೆ ಸೇಲಮ್ಮಿಗೆ ಟ್ರಾನ್ಸ್‌ಫರ್.”

“ಇದೆಲ್ಲ ಮೂಢನಂಬಿಕೆ.”

ಶ್ರೀವಿದ್ಯಾ ಕೋಸಂಬರಿ ಕಲೆಸುತ್ತ ತಲೆಯೆತ್ತದೆ ಹೇಳಿದಳು. “ನಿನ್ನೆ ಆಫೀಸಿನ ಪೂಜೇಲಿ ಯಾರೋ ಕೀಬೋರ್ಡ್ ಮುಟ್ಟಿದ್ದಕ್ಕೆ ನೀವು ಕಾಲು ಗಂಟೆ ಬೈದ್ರಂತೆ. ಉಪೇಂದ್ರ ಫೋನ್ ಮಾಡಿ ನಗ್ತಾ ಇದ್ರು.”

ಮುರಳೀಧರ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಪೂಜೆಗಿಟ್ಟದ್ದನ್ನು ಎತ್ತುವ ಧೈರ್ಯ ಅವನಿಗೆ ನಿಜವಾಗಿ ಇರಲಿಲ್ಲ. ಟೆರರಿನ ಬೂಟಿನೊಳಗಿದ್ದದ್ದು ಪುರೋಹಿತರ ಮೊಮ್ಮಗನ ಕಾಲು.

“ಸರಿ. ಮುಟ್ಟಲ್ಲ. ಪಕ್ಕದಲ್ಲಿ ಕೂತು ತೆಗೆಸ್ಕೋತೀನಿ. ಅದಾದ್ರೂ ಆಗುತ್ತಾ?”

ಜಯಲಕ್ಷ್ಮೀ ಯೋಚಿಸಿದರು. “ಕೂತ್ಕೋ. ಬೂಟು ಬಿಚ್ಚು.”

ಬೂಟು ಬಿಚ್ಚಿದ. ಹಾಕಿಕೊಳ್ಳುವುದಕ್ಕಿಂತ ಬಿಚ್ಚುವುದೇ ಕಷ್ಟವಾಯಿತು. ಗೋದಾಬಾಯಿ ಹಿಮ್ಮಡಿ ಹಿಡಿದು ಎಳೆದರು.

“ಜಾಕೀಟು ತೊಗಲಿಂದು ತಾನೆ? ದೇವರ ಹತ್ರ ಬೇಡ. ಬೆಲ್ಟೂ ತೆಗಿ.”

ಬೆಲ್ಟು ತೆಗೆದ ಮೇಲೆ ಪ್ಯಾಂಟು ತನ್ನ ಪಾಡಿಗೆ ಜಾರತೊಡಗಿತು. ಅದೂ ಅಭಿಲಾಷನದೇ.

“ಪಂಚೆ ಉಟ್ಕೊಂಡು ಬಾರೋ, ಅಸಹ್ಯ,” ಎಂದರು ತಾಯಿ. “ಪಂಚೆ ಮೇಲೆ ಅದೇನು ಚೌಕಳಿ ಶರ್ಟು? ಬಿಚ್ಚು. ಇಷ್ಟು ಹೊತ್ತಾದರೂ ಮುದ್ರೆ ಹಚ್ಕೊಂಡಿಲ್ಲ ಬೇರೆ.”

ಉಳಿದದ್ದು ಹ್ಯಾಟೊಂದು. ಅದನ್ನು ಗೋದಾಬಾಯಿ ತಾವೇ ತೆಗೆದು, ಪ್ರಸಾದದ ಬಾಳೆಹಣ್ಣು ಹಾಕಲು ಪಾತ್ರೆ ಸಾಲದೆಂದು ಅದರಲ್ಲೇ ತುಂಬಿದರು.

ಹೀಗೆ ನಾಲ್ಕೂವರೆಯ ಹೊತ್ತಿಗೆ, ಎದೆಗೂ ತೋಳಿಗೂ ಗೋಪೀಚಂದನದ ಮುದ್ರೆ ಹಚ್ಚಿಕೊಂಡು, ಪಂಚೆಯುಟ್ಟು, ಮುರಳೀಧರ ಬಂದೂಕಿನ ಪಕ್ಕ ಚಕ್ಕಳಮಕ್ಕಳ ಕೂತ. ಕಣ್ಣನ್ನಾದರೂ ಕ್ರೂರವಾಗಿ ಮಾಡಿಕೊಳ್ಳೋಣವೆಂದು ಹುಬ್ಬು ಗಂಟಿಕ್ಕಿದ. ಕರ್ಪೂರದ ಹೊಗೆಗೆ ಕಣ್ಣಲ್ಲಿ ನೀರು ಬಂತು. “ನಮಸ್ಕಾರ ಮಾಡೋ,” ಎಂದು ತಾಯಿ ತಲೆ ಬಗ್ಗಿಸಿದಾಗಲೇ ತೃಪ್ತಿ ಕ್ಲಿಕ್ಕಿಸಿದಳು. ಬಗ್ಗಿದವನು ಅಭ್ಯಾಸಬಲದಿಂದ ಪೂರ್ತಿ ನಮಸ್ಕಾರ ಮುಗಿಸಿಯೇ ಎದ್ದ; ಕ್ಯಾಮರಾ ಇನ್ನೂ ಮೂರು ಸಲ ಕ್ಲಿಕ್ಕೆಂದದ್ದು ಅವನಿಗೆ ಕೇಳಿಸಲಿಲ್ಲ.

“ಸೂಪರ್ ಅಂಕಲ್. ರೊಂಬ ನ್ಯಾಚುರಲ್.”

“ಅದನ್ನ ಅಳಿಸಿಬಿಡಮ್ಮ. ನಾಳೆ ಬೆಳಿಗ್ಗೆ ಬಂದೂಕು ಎತ್ತಿದ ಮೇಲೆ ಬೇರೆ ತೆಗಿಯೋಣ. ಇವತ್ತು ಹುಷಾರಿಲ್ಲ ಅಂತ ಆ ಹಾರ್ಲನ್‌ಗೆ ಹೇಳ್ತೀನಿ.”

ತೃಪ್ತಿ ಒಳ್ಳೆಯ ಹುಡುಗಿ. ಕ್ಯಾಮರಾ ತೆಗೆದುಕೊಂಡು ಮನೆಗೆ ಹೋಗಿ ಅರ್ಧ ಗಂಟೆಯಲ್ಲಿ ಮರಳಿದಳು. ಹಾರ್ಲನ್‌ನ ವಿಳಾಸವನ್ನು ಮುರಳೀಧರನೇ ನಿನ್ನೆ ಅವಳಿಗೆ ಬರೆದುಕೊಟ್ಟಿದ್ದ.

“ಅನುಪ್ಪಿಟ್ಟೇನ್ ಅಂಕಲ್, ಕಳಿಸಿಬಿಟ್ಟೆ,” ಎಂದಳು. “ನಾಲ್ಕು ತೆಗೆದಿದ್ನಲ್ಲ, ನೀವು ಅಳಿಸು ಅಂದಿದ್ದನ್ನ ಅಳಿಸಿ ಬೇರೆದು ಕಳಿಸ್ದೆ. ಐದು ಗಂಟೆಗೆ ನಮ್ಮ ಸಿಸ್ಟಮ್‌ಗೆ ಪೂಜೆ, ಆಮೇಲೆ ತೊಡ ಕೂಡಾದು, ಮುಟ್ಟೋ ಹಾಗಿಲ್ಲ ಅಂತಾಳೆ ಅಜ್ಜಿ.”

“ಬೇರೆದು ಯಾವುದು?”

“ನೀವು ಗನ್ ಮುಂದೆ ಉದ್ದಕ್ಕೆ ಬಿದ್ದು ಸಾಷ್ಟಾಂಗ ಹಾಕಿದ್ರಲ್ಲ, ಅದು.”

ಸಂಜೆ ಏಳು ಗಂಟೆಗೆ ಮುರಳೀಧರ ಬೀದಿಯ ಕೊನೆಯ ಬ್ರೌಸಿಂಗ್ ಸೆಂಟರಿನಲ್ಲಿದ್ದ. ಟೆಕ್ಸಾಸಿನಲ್ಲಿ ಆಗ ಬೆಳಗು. ಹಾರ್ಲನ್‌ನ ಉತ್ತರ ಇಡೀ ತಂಡಕ್ಕೆ ಬಂದಿತ್ತು. ಮುರಳೀಧರ ಒಂದು ಕಣ್ಣು ಮುಚ್ಚಿಕೊಂಡು ಓದಿದ.

ಇಪ್ಪತ್ತು ವರ್ಷದಿಂದ ಗುಂಡು ಹೊಡೆಯುತ್ತಿದ್ದೇನೆ, ಬಂದೂಕಿಗೆ ಅಡ್ಡಬಿದ್ದ ಮನುಷ್ಯನನ್ನು ಇದೇ ಮೊದಲ ಸಲ ನೋಡಿದ್ದು ಎಂದು ಬರೆದಿದ್ದ ಹಾರ್ಲನ್. ಅವನ ಹೆಂಡತಿ ಆ ಫೋಟೋ ನೋಡಿ ಕಣ್ಣೊರೆಸಿಕೊಂಡಳಂತೆ. ಅಂಥ ಬಂದೂಕನ್ನು ಕ್ಲಬ್ಬಿನ ಯಾರೂ ಕಂಡಿರಲಿಲ್ಲವಂತೆ.

ಮುರಳೀಧರ ಇನ್ನೊಂದು ಕಣ್ಣನ್ನೂ ತೆರೆದ. ನವಿಲು ಗೆದ್ದಿತು ಎನ್ನಿಸಿತು.

ಆಮೇಲಿನ ಸಾಲುಗಳನ್ನು ಅವನು ಮೂರು ಸಲ ಓದಿದ. ಹಳೆಯ ಪಶ್ಚಿಮದ ಪ್ರತಿ ಊರಿನಲ್ಲೂ ಒಬ್ಬ ಪಾದ್ರಿ ಇರುತ್ತಿದ್ದ. ನಮ್ಮ ಕ್ಲಬ್ಬಿನಲ್ಲಿ ನೂರಾರು ಮಂದಿ ಪುಂಡರಿದ್ದಾರೆ, ಪಾದ್ರಿಯೇ ಇರಲಿಲ್ಲ. ಮುರಳಿಯನ್ನು ಆ ಪಾತ್ರಕ್ಕೆ ನೋಂದಾಯಿಸಿದ್ದೇನೆ. ಪಾದ್ರಿ ಬಂದೂಕು ಹಿಡಿಯುವಂತಿಲ್ಲ. ಪಂದ್ಯಕ್ಕೆ ಮೊದಲು ಉಳಿದವರ ಬಂದೂಕುಗಳನ್ನು ಹರಸಬೇಕು. ಪ್ರತಿ ಶನಿವಾರ ವೆಬ್‌ಕ್ಯಾಮಿನಲ್ಲಿ, ಇದೇ ಉಡುಪಿನಲ್ಲಿ, ನಮಗಾಗಿ ಅದನ್ನು ಮಾಡಿಕೊಡಲಿ. ಉಪೇಂದ್ರ ಊರು ಕಾಯುವ ಶೆರೀಫ್. ತಂಡವನ್ನು ಅವನು ನಡೆಸುತ್ತಾನೆ. ಇಂಥ ದೈವಭಕ್ತನ ಮೇಲೆ ಲೌಕಿಕದ ಭಾರ ಹೊರಿಸಲು ನನಗೆ ಮನಸ್ಸಿಲ್ಲ.

ಪಾತ್ರ ಬದಲಾಯಿಸಬಹುದೇ ಎಂದು ಮುರಳೀಧರ ಕೂಡಲೇ ಬರೆದ. ಎರಡೇ ನಿಮಿಷದಲ್ಲಿ ಉತ್ತರ ಬಂತು. ಕ್ಲಬ್ಬಿನ ಪುಸ್ತಕದಲ್ಲಿ ಒಮ್ಮೆ ಬರೆದ ಪಾತ್ರ ಸಾಯುವವರೆಗೆ ಅವನದೇ. ವಿನಯ ಬೇಡ, ಪಾದ್ರಿಗಳೇ.

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಉಪೇಂದ್ರ.

“ಮೇಲ್ ನೋಡ್ದಾ ಮುರಳಿ? ಕಂಗ್ರಾಟ್ಸಪ್ಪ. ನಾನೊಂದು ನೀರು ಪಿಚಕಾರಿ ಹಿಡ್ಕೊಂಡು ಫೋಟೋ ಕಳಿಸಿದ್ದೆ, ಅಷ್ಟೇ. ಕೇಳು, ಸೋಮವಾರ ಹೊಸ ಸರ್ವರ್ ಬರುತ್ತೆ. ಲೀಡರಾಗಿ ನನ್ನ ಮೊದಲನೇ ಕೆಲಸ, ಚೆನ್ನಾಗಿ ಆಗಬೇಕು. ಬೆಳಿಗ್ಗೆ ಎಂಟೂವರೆಗೆ ಪೂಜೆ ಇಟ್ಕೊಳ್ಳೋಣ. ಪಂಚೇಲೇ ಬಂದ್ಬಿಡು.”

“ಎಂಟೂವರೆಗೆ ಆಗಲ್ಲ,” ಎಂದ ಮುರಳೀಧರ. ಬಾಯಿ ತಡೆಯಲಿಲ್ಲ. “ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ.”

“ನೋಡು, ಇದಕ್ಕೇ ನೀನು ಬೇಕು ಅನ್ನೋದು,” ಎಂದು ಉಪೇಂದ್ರ ಫೋನ್ ಇಟ್ಟ.