ಸೀದ ಕಾಳಿನ ಮಾವ

ನಮ್ಮ ಮಾವನಿಗೆ ಸೀದ ಕಾಳೆಂದರೆ ಪ್ರಾಣ! ಹಾಗೆಂದು ಅತ್ತೆಯ ಒಲೆಯ ಮೇಲೆ ದಿನಬಿಟ್ಟು ದಿನ ಸೀಯುತ್ತಿದ್ದ ಹುರಳಿಯನ್ನು ಮುಟ್ಟಿದವರಲ್ಲ. ಅವರ ಕಾಳು ಸಾವಿರಾರು ವರ್ಷದ ಹಿಂದೆಯೇ ಸೀದಿರಬೇಕು.

ಎಪ್ಪತ್ತರ ದಶಕದ ಕೊನೆ. ನಾನು ಕೂಡ್ಲಿಗಿಯಲ್ಲಿ ಅವರ ಮನೆಯಲ್ಲಿದ್ದು ಓದುತ್ತಿದ್ದೆ. ಮೇಷ್ಟರಾಗಿದ್ದ ಮಾವನನ್ನು ಕೆಡಿಸಿದವರು ಬೂದಿದಿಬ್ಬ ಅಗೆಯಲು ಬಂದ ಪಂಡಿತರು. ಆದಿಕಾಲದ ದನಗಾಹಿಗಳು ಸಗಣಿ ಸುಟ್ಟು ಒಟ್ಟಿದ ಆ ಬೂದಿಯನ್ನು ನೀರಿಗೆ ಸುರಿದರೆ ಮಣ್ಣು ತಳ ಸೇರುತ್ತದೆ, ಕರಕಾದ ಕಾಳು ತೇಲುತ್ತದೆ ಎಂದು ತೋರಿಸಿಕೊಟ್ಟರು. ಅವರೇನೋ ಗಂಟುಮೂಟೆ ಕಟ್ಟಿ ಹೋದರು. ಮಾವ ಮಾತ್ರ ಶಾಲೆ ಬಿಟ್ಟೊಡನೆ ದಿಬ್ಬ ಸೇರಿ, ಊರೆಲ್ಲ ಉಂಡ ಮೇಲೆ ಬೂದಿ ಬಳಿದುಕೊಂಡು ಮನೆಗೆ ಬರುತ್ತಿದ್ದರು.

ಒಮ್ಮೆ ಗುಡೇಕೋಟೆ ಬಸ್ಸಿನಲ್ಲಿ ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು.

"ಏನೈತ್ರಿ ಅದರಾಗ?" ಎಂದ ಕಂಡಕ್ಟರ್.

"ಬೂದಿ."

"ಅಯ್ಯೋ, ಯಾರ್ರಿ ಹೋದವ್ರು?"

"ಗೊತ್ತಿಲ್ಲಪಾ, ಭಾಳ ಹಿಂದಿನ ಮಂದಿ."

ಬಸ್ಸಿಗೆ ಬಸ್ಸೇ ಎದ್ದು ಸೀಟು ಬಿಟ್ಟುಕೊಟ್ಟಿತು!

ಅಷ್ಟೆಲ್ಲ ತೊಳೆದರೂ ಸಿಕ್ಕಿದ್ದು ಇದ್ದಿಲ ಚೂರು. ಒಂದೇ ಒಂದು ಇಡೀ ಕಾಳು ಕಾಣಬೇಕೆಂಬುದು ಮಾವನ ಕನಸು. ನಿದ್ದೆಯಲ್ಲೂ ಕಾಳುಗಳು ನಕ್ಷತ್ರದಂತೆ ತೇಲಿಬರುತ್ತಿದ್ದವಂತೆ. ಅಷ್ಟರಲ್ಲಿ ದಿಬ್ಬದ ಬೂದಿಯನ್ನೆಲ್ಲ ಜನ ಗೊಬ್ಬರಕ್ಕೆಂದು ಗಾಡಿಗಟ್ಟಲೆ ಹೊಲಕ್ಕೆ ಒಯ್ದರು. ಉಳಿದದ್ದು ಮನೆಯಲ್ಲಿದ್ದ ಒಂದು ಚೀಲ.

ಅದನ್ನು ಅತ್ತೆ, ಪಾಪ, ಗಂಡನಿಗೆ ನೆರವಾಗಲೆಂದು ತಾವೇ ತೊಳೆದಿಟ್ಟರು. ಹೇಗೆ? ಸಾರಿಗೆ ಕಾಳು ತೊಳೆಯುವ ಹಾಗೆ!

"ತೇಲಿದ ಜೊಳ್ಳೆಲ್ಲ ಚೆಲ್ಲೀನ್ರಿ. ಗಟ್ಟಿದಷ್ಟ ಇಟ್ಟೀನಿ, ನೋಡ್ರಿ!"

ಬುಟ್ಟಿಯಲ್ಲಿ ಬರೀ ಕಲ್ಲು ಹೊಳೆಯುತ್ತಿದ್ದವು. ಮಾವ ಕಟ್ಟೆಯ ಮೇಲೆ ಕುಸಿದು ಕುಳಿತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಲ್ಲಿ ಚೆಲ್ಲಿದಿ?"

"ಮಲ್ಲಿಗಿ ಬುಡಕ್ಕ."

ಹಡಗಲಿಯ ತವರಿನಿಂದ ಅತ್ತೆ ತಂದು ನೆಟ್ಟ ಮಲ್ಲಿಗೆ ಅದು. ಅದರ ಕೆಳಗೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿದರು. ಸಂಜೆಬಿಸಿಲು ಇಳಿಯುತ್ತಿತ್ತು, ಮೊಗ್ಗು ಬಿರಿಯುತ್ತಿದ್ದವು. ಅತ್ತೆಯ ಉಗುರಿನ ತುದಿಗೆ ಕಪ್ಪಗೆ ಏನೋ ಹತ್ತಿತು.

"ಇದು ಹುರಳಿ ಅಲ್ಲೇನ್ರಿ?"

ಹುರಳಿಯೇ! ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಪಾಪ, ಹೊತ್ತಿಸಿಬಿಟ್ಟಾಳ."

"ಯಾರು?"

"ಹುರದಾಕಿ. ಹೊತ್ತು ಮುಣಗಿದ್ರೂ ಗಂಡ ಬರಲಿಲ್ಲಂತ ದಾರಿ ನೋಡ್ಕೋಂತ ನಿಂತಿರಬೇಕು. ಒಲಿ ಮ್ಯಾಲಿನದು ಹೊತ್ತಲಾರದ ಇರ್ತೈತೇನ್ರಿ?"

ಮಾವ ಅತ್ತೆಯನ್ನೇ ನೋಡುತ್ತ ಕುಳಿತರು. ಆಮೇಲೆ ಕಾಳಿನ ಸುತ್ತ ಆಕೆಯ ಬೆರಳುಗಳನ್ನು ಮೆಲ್ಲಗೆ ಮಡಚಿದರು.

ಮರುದಿನದಿಂದ ಅವರು ದೀಪ ಹಚ್ಚುವ ಮೊದಲೇ ಮನೆಯಲ್ಲಿರುತ್ತಿದ್ದರು. ಅತ್ತೆಯ ಒಲೆಯ ಮೇಲೆ ಹುರಳಿ ಸೀದದ್ದನ್ನು ನಾನು ಮತ್ತೆ ಕಾಣಲಿಲ್ಲ.