ಹಾಳೆ ಹರಿಯದ ಭಾಷಾ ಕೇಂದ್ರ

ನಮ್ಮ ಊರಿನ ಹವ್ಯಾಸಿ ಪರಭಾಷಾ ಕಲಿಕಾ ಕೇಂದ್ರದಲ್ಲಿ ಇದುವರೆಗೆ ಒಂದು ಪುಸ್ತಕದ ಒಂದು ಹಾಳೆಯೂ ಹರಿದಿಲ್ಲ. ಇದಕ್ಕಾಗಿ ಕೇಂದ್ರಕ್ಕೆ ಪ್ರತಿವರ್ಷ ಉತ್ತಮ ನಿರ್ವಹಣಾ ಪ್ರಶಸ್ತಿ ಬರುತ್ತದೆ. ಕಪಾಟುಗಳಿಗೆ ಬೀಗ ಹಾಕಿರುವುದೇ ಈ ಸಾಧನೆಗೆ ಕಾರಣ. ತಪಾಸಣೆಯ ದಿನ ಬೀಗ ತೆಗೆದು, ಯಾರನ್ನಾದರೂ ಪುಸ್ತಕದ ಮುಂದೆ ಕೂರಿಸಿ ಫೋಟೊ ತೆಗೆಯಲಾಗುತ್ತದೆ. ಆಮೇಲೆ ಮತ್ತೆ ಬೀಗ.

ಇಂಥ ಶಿಸ್ತಿನ ಜಾಗಕ್ಕೆ ಇಸ್ತ್ರಿ ಅಂಗಡಿಯ ಅಕ್ಕ ಬಂದಳು. ಅವಳ ಅಂಗಡಿಯ ಮೇಲಿನ ಮನೆಯಲ್ಲಿ ಪರದೇಶದ ಅಜ್ಜಿಯೊಬ್ಬರಿದ್ದರು. ಸಂಜೆಯಾದರೆ ಇಬ್ಬರೂ ಬೆಂಚಿನ ಮೇಲೆ ಕೂತು ಕೈಸನ್ನೆಯಲ್ಲೇ ಹರಟುತ್ತಿದ್ದರು.

"ಸಾರ್, ನಮ್ಮ ಮೇಲ್ಮನೆ ಅಜ್ಜಿ ಭಾಷೆ ಪುಸ್ತಕ ಕೊಡಿ. ಅಜ್ಜಿ ಊರು ಬಿಡ್ತಿದ್ದಾರೆ. ಹೋಗೋ ಮುಂಚೆ ಬಾಯ್ತುಂಬ ನಾಲ್ಕು ಮಾತಾಡ್ಬೇಕು."

"ಆ ಭಾಷೆ ಬರುತ್ತೇನಮ್ಮ?" ಮೇಲ್ವಿಚಾರಕರು ಕೇಳಿದರು.

"ಬರಲ್ಲ. ಅದಕ್ಕೇ ಕೇಳ್ತಿರೋದು."

"ಬರದವರು ಪುಸ್ತಕ ಹಾಳು ಮಾಡ್ತಾರೆ. ಬರೋವರಿಗೆ ಮಾತ್ರ ಕೊಡೋದು."

"ಬರೋವರು ಯಾಕೆ ತಗೋತಾರೆ ಸಾರ್?"

"ತಗೊಳ್ಳಲ್ಲ. ಅದಕ್ಕೇ ಇವು ಹೊಸದಾಗೇ ಇವೆ."

ಆದರೂ ಕೇಂದ್ರ ಕಲ್ಲೆದೆಯದಲ್ಲ. ತಪಾಸಣೆ ಹತ್ತಿರವೇ ಇದ್ದುದರಿಂದ ಆ ಸಲದ ಕಲಿಕಾರ್ಥಿಯಾಗಿ ಅವಳನ್ನೇ ಕೂರಿಸಲಾಯಿತು. ಅಕ್ಕ ಆಸೆಯಿಂದ ಪುಟಕ್ಕೆ ಮುಖ ತಂದಳು.

"ಓದಬೇಡಮ್ಮ, ಕ್ಯಾಮೆರಾ ನೋಡು."

ಕದ್ದುಮುಚ್ಚಿ ಒಂದೇ ವಾಕ್ಯ ದಕ್ಕಿತು: ಈ ಮೇಜು ಮರದ್ದು. 'ಹೋಗಿ ಬನ್ನಿ' ಎನ್ನುವುದು ಎಲ್ಲಿದೆ ಎಂದು ಕೇಳಿದ್ದಕ್ಕೆ, ಅದು ಕೊನೆಯ ಪಾಠ, ಮುಂದಿನ ತಪಾಸಣೆಗಳಲ್ಲಿ ಪ್ರಯತ್ನಿಸಬಹುದು ಎಂದು ತಿಳಿಸಲಾಯಿತು.

ಅಜ್ಜಿ ಹೊರಟ ದಿನ ಅಕ್ಕ ಕಾರಿನ ಹತ್ತಿರ ನಿಂತು, ಅಜ್ಜಿಯ ಭಾಷೆಯಲ್ಲಿ ತನಗೆ ಗೊತ್ತಿದ್ದಷ್ಟನ್ನೇ ಹೇಳಿದಳು: ಈ ಮೇಜು ಮರದ್ದು. ಅಜ್ಜಿ ಅವಳ ಕೈ ಹಿಡಿದು ಅತ್ತರು. ಏನೋ ಒಂದು ಮಾತನ್ನು ಮತ್ತೆ ಮತ್ತೆ ಹೇಳಿದರು. ತಮ್ಮ ಹಳೆಯ ನಿಘಂಟನ್ನು ಅವಳ ಕೈಗಿಟ್ಟು ಹೊರಟುಹೋದರು.

ಆ ಮಾತಿನ ಅರ್ಥ ಹುಡುಕುವುದು ಹೇಗೆಂದು ಕೇಳಲು ಅಕ್ಕ ನಿಘಂಟು ಹಿಡಿದು ಕೇಂದ್ರಕ್ಕೆ ಓಡಿದಳು. ಮೇಲ್ವಿಚಾರಕರು ತಿರುವಿ ನೋಡಿದರು. ಅಂಚುಗಳು ಸವೆದಿದ್ದವು, ಪುಟಗಳಲ್ಲಿ ಕಾಫಿಯ ಕಲೆಗಳಿದ್ದವು.

"ಯಾರೋ ಓದಿಬಿಟ್ಟಿದ್ದಾರೆ," ಎಂದು ನೊಂದುಕೊಂಡು, ನಿಘಂಟನ್ನು ಸಾರ್ವಜನಿಕ ಕೊಡುಗೆಯೆಂದು ಸ್ವೀಕರಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸಿಬ್ಬಂದಿ ಚಪ್ಪಾಳೆ ತಟ್ಟಿದರು.

"ಸಾರ್, ಆ ಒಂದು ಮಾತಿನ ಅರ್ಥ..."

"ಅರ್ಥ ಗೊತ್ತಾಗಿಬಿಟ್ರೆ ಕಲಿಯೋ ಹವ್ಯಾಸ ಉಳಿಯುತ್ತೇನಮ್ಮ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಅದೂ ಸರಿ," ಎಂದಳು ಅಕ್ಕ. ಮರೆತುಹೋಗದಿರಲೆಂದು ಅಜ್ಜಿಯ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಬಾಗಿಲ ತನಕ ಬಂದಳು. ಕಾವಲುಗಾರ ಕೈ ಅಡ್ಡ ಹಿಡಿದ.

"ಇಲ್ಲಿ ಪರಭಾಷೆ ಮಾತಾಡಬಾರದಕ್ಕ. ಓದೋರಿಗೆ ತೊಂದರೆ ಆಗುತ್ತೆ."

ಅಕ್ಕ ಖಾಲಿ ಕುರ್ಚಿಗಳ ಕಡೆ ತಿರುಗಿ ನೋಡಿದಳು. "ತಪ್ಪಾಯ್ತಪ್ಪ," ಎಂದು ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದಳು.